ಹುಲ್ಲಪ್ಪ ಹವಾಲ್ದಾರ ಓದಿದ ಪುಸ್ತಕ

೧೯೫೪ರ ಮಾರ್ಚ್ ಹನ್ನೊಂದು, ಗುರುವಾರ, ಬೆಳಗಿನ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಹವಾಲ್ದಾರ ಹುಲ್ಲಪ್ಪ ಇಳಕಲ್ಲಿನ ಪೊಲೀಸ್ ಚೌಕಿಯ ಬೆಂಚಿನ ಮೇಲೆ ಕುಳಿತು ಒಂದು ಕವನಸಂಗ್ರಹದ ಹದಿನೇಳನೆಯ ಪುಟದಲ್ಲಿ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಿದ್ದ. ಗೆರೆ ಸೊಟ್ಟಾಗಬಾರದೆಂದು ಲಾಠಿಯನ್ನು ಸಾಲಿನ ಕೆಳಗೆ ಅಡ್ಡ ಇಟ್ಟುಕೊಂಡಿದ್ದ.

ಪುಸ್ತಕದ ಹೆಸರು ‘ಕುಣಿಯೊಳಗಿನ ಕಾಲು’. ಅರವತ್ನಾಲ್ಕು ಪುಟ, ಮೂವತ್ತೊಂದು ಕವಿತೆ, ಬೆಲೆ ಹನ್ನೆರಡಾಣೆ. ಬರೆದವನು ಅದೇ ಊರಿನ ನೇಕಾರ ಶಿವಸಂಗಪ್ಪ, ವಯಸ್ಸು ಇಪ್ಪತ್ನಾಲ್ಕು. ಪುಸ್ತಕ ಜನವರಿಯಲ್ಲಿ ಅಚ್ಚಾಗಿತ್ತು. ಯಾರೋ ಹೆಸರು ಹಾಕದೆ ಅದರ ಒಂದು ಪ್ರತಿಯನ್ನು ಚೌಕಿಗೆ ಟಪಾಲಿನಲ್ಲಿ ಕಳಿಸಿದ್ದರು. ಜೊತೆಗಿದ್ದ ಚೀಟಿಯಲ್ಲಿ ಒಂದೇ ಮಾತು: ‘ಹದಿನೇಳನೇ ಪುಟ ನೋಡಿರಿ.’

ಚೌಕಿಯ ಮೇಲಧಿಕಾರಿ ಫೌಜದಾರರು ನೋಡಿದ್ದರು. ನೋಡಿ ಹುಲ್ಲಪ್ಪನ ಕೈಗೆ ಹಾಕಿದ್ದರು.

“ಹುಲ್ಲಪ್ಪಾ, ನೀ ಏಳನೇ ಮುಲ್ಕಿ ಪಾಸ ಆದಾಂವ. ಓದು. ಖೂನಿ ಇದ್ದಲ್ಲಿ ಗೆರಿ ಹೊಡಿ.”

ಹುಲ್ಲಪ್ಪ ಪುಟ ತಿರುವಿದ. ಸಾಲುಗಳು ಒಂದು ಉದ್ದ, ಒಂದು ಗಿಡ್ಡ. ಪ್ರಾಸ ಇರಲಿಲ್ಲ. “ಇದು ಹಾಡೇನ್ರಿ ಸಾಹೇಬ್ರ?”

“ಹೊಸ ಕಾವ್ಯ ಅಂತ. ಕಾವ್ಯ ಹೊಸಾದಿದ್ರೇನು, ಖೂನಿ ಹಳೇದ ಐತಲ್ಲ.”

ಖೂನಿ ಆರು ತಿಂಗಳು ಇಪ್ಪತ್ತು ದಿನಗಳಷ್ಟು ಹಳೆಯದು. ಇಳಕಲ್ಲಿನ ಸೀರೆ ಮಾಲೀಕರೊಬ್ಬರ ಗುಮಾಸ್ತ ಕೃಷ್ಣಾಜಿ ಎಂಬವನು ಹಿಂದಿನ ಆಗಸ್ಟಿನಲ್ಲಿ ಹಳ್ಳದೊಳಗೆ ಬೋರಲು ಬಿದ್ದಿದ್ದ. ಕೊರಳಿನ ಹಿಂಭಾಗಕ್ಕೆ ಕೊಡಲಿಯ ಒಂದೇ ಏಟು, ಮೂರು ಬೆರಳು ಆಳ. ಬೆರಳಿಟ್ಟು ಅಳೆದವನು ಹುಲ್ಲಪ್ಪನೇ. ಕೃಷ್ಣಾಜಿಯ ಗಡಿಯಾರ ಹೋಗಿತ್ತು; ಕೊಡಲಿ ಸಿಗಲಿಲ್ಲ, ಕಂಡವರೂ ಸಿಗಲಿಲ್ಲ. ಈಗ ಹದಿನೇಳನೆಯ ಪುಟದಲ್ಲಿ ಹೀಗಿತ್ತು:

ಅವನ ಹಿಂದೆ ನಡೆದೆ.
ಅವನ ಕೊರಳಿನ ಹಿಂಭಾಗ ನನಗೆ
ನನ್ನ ತಾಯಿಯ ಮುಖಕ್ಕಿಂತ ಪರಿಚಯ.
ಒಂದೇ ಏಟು.
ಹಳ್ಳ ತನ್ನ ಮಾತು ನಿಲ್ಲಿಸಲಿಲ್ಲ.

ಹುಲ್ಲಪ್ಪ ಐದೂ ಸಾಲಿಗೆ ಗೆರೆ ಎಳೆದ. ಅವನಿಗೆ ಸಂಶಯವೇ ಬರಲಿಲ್ಲ, ಮತ್ತು ಬರದಿರುವುದಕ್ಕೆ ಕಾರಣವಿತ್ತು. ಅವನು ಕೆರೂರಿನವನು. ಅವನ ಅಪ್ಪ ದಪ್ಪು ಹಿಡಿದು ಗೀಗೀ ಪದ ಹೇಳುತ್ತಿದ್ದವನು. ಆ ಪದಗಳಲ್ಲಿ ಕೊನೆಯ ನುಡಿಗೆ ಕಟ್ಟಿದವನ ಹೆಸರು ಬರಬೇಕು, ಊರು ಬರಬೇಕು, ಗುರುವಿನ ಹೆಸರು ಬರಬೇಕು. ಹೆಸರು ಹಾಕಿದವನು ಅಷ್ಟಕ್ಕೂ ಜವಾಬ್ದಾರ. ಎದುರಿನ ಮೇಳದವರು ‘ಇದು ಸುಳ್ಳು’ ಎಂದರೆ ಎದ್ದು ನಿಂತು ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ದಪ್ಪು ಕೆಳಗಿಡಬೇಕು. ಮುಂದೆ ಪೊಲೀಸ್ ಕೆಲಸಕ್ಕೆ ಸೇರಿದಾಗ ಹುಲ್ಲಪ್ಪ ಪಂಚನಾಮೆ ಬರೆಯುವುದನ್ನು ಕಲಿತ. ಅಲ್ಲಿಯೂ ಅದೇ ನೇಮ: ಕೆಳಗೆ ಸಹಿ ಮಾಡಿದವನು ಮೇಲಿನದೆಲ್ಲ ಕಂಡದ್ದು, ಮಾಡಿದ್ದು ಖರೆ ಎಂದು ಒಪ್ಪಿದಂತೆ. ಹೀಗಾಗಿ ಪುಸ್ತಕದ ಮೇಲೆ ಶಿವಸಂಗಪ್ಪನ ಹೆಸರು, ಒಳಗೆ ‘ನಾನು ಹೊಡೆದೆ’ ಎಂಬ ಅರ್ಥದ ಸಾಲು. ಇನ್ನೇನು ಬೇಕು?

ಹಗೆಯೂ ಇತ್ತು, ಊರಿಗೆಲ್ಲ ಗೊತ್ತಿದ್ದದ್ದು. ಇಳಕಲ್ಲಿನ ಸೀರೆಗೆ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಶಿವಸಂಗಪ್ಪ ನೇಯ್ದ ಒಂದು ಸೀರೆಯಲ್ಲಿ ಎರಡು ಕೊಂಡಿ ತಪ್ಪಿದ್ದವು. ಕೃಷ್ಣಾಜಿ ಓಣಿಯ ನಡುವೆ ನಿಂತು, ಕತ್ತರಿ ತರಿಸಿ, ಆ ಸೀರೆಯನ್ನು ಕೂಡುಗೆರೆಯ ಮೇಲೆಯೇ ಆ ಅಂಚಿನಿಂದ ಈ ಅಂಚಿನವರೆಗೆ ಕತ್ತರಿಸಿದ್ದ. ಸೆರಗನ್ನು ಶಿವಸಂಗಪ್ಪನ ತಾಯಿ ಕಾಳವ್ವನ ಮೋರೆಗೆ ಎಸೆದು, “ಮಗಗ ಪಟಗಾ ಸುತ್ತು” ಎಂದಿದ್ದ.

ಗೆರೆ ಎಳೆದ ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಶಿವಸಂಗಪ್ಪನನ್ನು ಹಿಡಿಯಲು ಹೋದರು. ಕೈಮಗ್ಗದ ನೇಕಾರ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತಿರುತ್ತಾನೆ, ಥಟ್ಟನೆ ಏಳಲಾರ. ಫೌಜದಾರರಿಗೆ ಕಾಯುವ ಸ್ವಭಾವ ಇರಲಿಲ್ಲ. ಹುಲ್ಲಪ್ಪ ಹಿಂದಿನಿಂದ ಅವನ ಕಂಕುಳಿಗೆ ಕೈ ಹಾಕಿ ಎಳೆದ. ಕಾಲು ತುಳಿಮಣೆಗೆ ಸಿಕ್ಕಿಕೊಂಡಿತು. ಇನ್ನೊಮ್ಮೆ ಎಳೆದ. ಮಣೆ ಮುರಿಯಿತು, ಹಾಸಿನ ಎಳೆಗಳು ಒಂದು ಕಡೆಯಿಂದ ಪಟಪಟ ಹರಿದವು, ಮೊಣಕಾಲಿನ ಚರ್ಮ ಕುಣಿಯ ಅಂಚಿಗೆ ಸುಲಿಯಿತು. ಕಾಳವ್ವ ಬಾಗಿಲಿಗೆ ಅಡ್ಡ ನಿಂತಳು. ಫೌಜದಾರರು ಆಕೆಯನ್ನು ತಳ್ಳಿದ ರಭಸಕ್ಕೆ ಆಕೆಯ ಹಣೆ ಚೌಕಟ್ಟಿಗೆ ಬಡಿದು ಹುಬ್ಬು ಒಡೆಯಿತು.

“ಏನ್ ಮಾಡ್ಯಾನ್ರೀ ನನ ಮಗ?”

“ಪುಸ್ತಕ ಬರದಾನ,” ಎಂದರು ಫೌಜದಾರರು.

ಹುಲ್ಲಪ್ಪನ ಬಗ್ಗೆ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಹದಿನಾರು ವರ್ಷದ ನೌಕರಿಯಲ್ಲಿ ಅವನು ಬಹಳ ಜನರನ್ನು ಹೊಡೆದಿದ್ದ, ಆದರೆ ಎಣಿಸದೆ ಹೊಡೆದಿರಲಿಲ್ಲ. ೧೯೪೩ರಲ್ಲಿ, ಬೇರೊಂದು ಠಾಣೆಯಲ್ಲಿ, ಜೊತೆಗಾರನೊಬ್ಬನ ಕೈಯಲ್ಲಿ ಎತ್ತು ಕದ್ದವನೊಬ್ಬ ಸತ್ತಿದ್ದ. ಎಷ್ಟು ಹೊಡೆದೆ ಎಂದು ಕೇಳಿದರೆ ಆ ಜೊತೆಗಾರನಿಗೆ ಹೇಳಲು ಬರಲಿಲ್ಲ. ‘ತಿಳೀಲಿಲ್ಲ, ಹೊಡಕೋತ ಹೋದೆ’ ಎಂದು ಅತ್ತಿದ್ದ. ಅಂದಿನಿಂದ ಹುಲ್ಲಪ್ಪ ಪ್ರತಿ ಏಟನ್ನೂ ಮನಸ್ಸಿನಲ್ಲಿ ಎಣಿಸುತ್ತಿದ್ದ. ಎಣಿಕೆ ಇದ್ದರೆ ಕೈ ತನ್ನ ಹತೋಟಿಯಲ್ಲಿದೆ ಎಂಬುದು ಅವನ ನಂಬಿಕೆ. ಎಣಿಸಿ ಹೊಡೆಯುವವನು ಒಳ್ಳೆಯವನು ಎಂದೂ ಅವನು ನಂಬಿದ್ದ.

ಫೌಜದಾರರು ಮಧ್ಯಾಹ್ನ ಮೂರು ಗಂಟೆಯನ್ನು ಆರಿಸಿದರು. ಚೌಕಿ ನೇಕಾರರ ಓಣಿಯ ತುದಿಗೆ. ಮೂರು ಗಂಟೆಗೆ ಓಣಿಯ ಎಪ್ಪತ್ತಕ್ಕೂ ಹೆಚ್ಚು ಮಗ್ಗಗಳು ಒಟ್ಟಿಗೆ ಖಟಖಟ ನಡೆಯುತ್ತವೆ. ಆ ಸದ್ದಿನಲ್ಲಿ ಬೇರೆ ಸದ್ದು ಮುಳುಗುತ್ತದೆ. ಶಿವಸಂಗಪ್ಪನನ್ನು ಬೋರಲು ಮಲಗಿಸಿ, ಕಾಲುಗಳನ್ನು ಬೆಂಚಿಗೆ ಕಟ್ಟಿ, ಅಂಗಾಲು ಮೇಲೆ ಮಾಡಿದರು. ಅಂಗಾಲಿನ ಏಟಿಗೆ ಬೇಗ ಗುರುತು ಏಳುವುದಿಲ್ಲ, ನೋವು ಮಾತ್ರ ತಲೆಯವರೆಗೆ ಏರುತ್ತದೆ. ಫೌಜದಾರರು ಕುರ್ಚಿಯಲ್ಲಿ ಕುಳಿತು ಪುಸ್ತಕ ಓದುವರು, ಹುಲ್ಲಪ್ಪ ಹೊಡೆಯುವನು.

“‘ಅವನ ಹಿಂದೆ ನಡೆದೆ.’ ಎಲ್ಲಿಂದ ನಡದಿ?”

“ಎಲ್ಲಿಂದೂ ಇಲ್ರಿ. ಅದು ಪದ್ಯರಿ.”

ಲಾಠಿ ಇಳಿಯುವುದು.

“‘ಒಂದೇ ಏಟು.’ ಕೊಡಲಿ ಎಲ್ಲೈತಿ?”

“ಮನಸ್ನ್ಯಾಗ ಹೊಡದೀನ್ರಿ ಸಾಹೇಬ್ರ. ಸೀರಿ ಕತ್ತರಿಸಿದ ದಿನಾ ಹೊಡದೀನಿ. ದಿನಾ ಹೊಡದೀನಿ. ಕೈಲೆ ಅಲ್ರಿ.”

“ಮನಸ್ನ್ಯಾಗ ಹೊಡದ್ರ ಮೂರು ಬೆರಳು ಒಳಗ ಹೋಕ್ಕೈತೇನಲೇ?”

ಎರಡನೆಯ ದಿನ ಅಂಗಾಲು ಒಡೆದವು. ಬೆಂಚಿನ ಕಾಲಗುಂಟ ರಕ್ತ ಇಳಿದು ನೆಲದ ಬಿರುಕಿನಲ್ಲಿ ಇಂಗಿತು. ಒಂದು ಏಟಿಗೆ ಶಿವಸಂಗಪ್ಪ ಕೂಗಲಿಲ್ಲ. ಕುತ್ತಿಗೆ ಸಡಿಲಾಗಿ ಪಕ್ಕಕ್ಕೆ ಬಿದ್ದದ್ದನ್ನು ಹುಲ್ಲಪ್ಪ ನೋಡುವಷ್ಟರಲ್ಲಿ ಮುಂದಿನ ಏಟು ಇಳಿದಾಗಿತ್ತು. ಅವನು ಕೈ ನಿಲ್ಲಿಸಿ ಮುಖಕ್ಕೆ ನೀರು ಎರಚಿದ. ಆ ಏಟನ್ನೂ ಎಣಿಕೆಯಲ್ಲಿ ಸೇರಿಸಿಕೊಂಡ.

ಮೂರನೆಯ ದಿನ ಮೂರು ಗಂಟೆಗೆ ಓಣಿಯ ಮಗ್ಗಗಳು ನಿಂತವು. ಮೊದಲು ಹತ್ತಿರದ ಮಗ್ಗ, ಆಮೇಲೆ ಅದರಾಚೆಯದು, ಹೀಗೆ ಎರಡು ಮೂರು ನಿಮಿಷಗಳಲ್ಲಿ ಎಲ್ಲವೂ. ಕಾಳವ್ವ ಹುಬ್ಬಿಗೆ ಅರಿಷಿಣ ಮೆತ್ತಿಕೊಂಡು ಮನೆಮನೆಗೆ ಹೋಗಿ ಒಂದೇ ಮಾತು ಕೇಳಿದ್ದಳು: “ಮೂರಕ್ಕ ಲಾಳಿ ಕೆಳಗಿಡ್ರಿ. ನನ ಮಗನ ದನಿ ಕೇಳಸ್ಲಿ.” ಯಾರೂ ಚೌಕಿಯ ಹತ್ತಿರ ಬರಲಿಲ್ಲ, ಕಲ್ಲು ಎಸೆಯಲಿಲ್ಲ. ಕಾಳವ್ವನೊಬ್ಬಳೇ ಎದುರಿನ ಕಟ್ಟೆಯ ಮೇಲೆ ಬಂದು ಕುಳಿತಳು. ಆ ನಿಶ್ಶಬ್ದದಲ್ಲಿ ಲಾಠಿಯ ಪ್ರತಿ ಸದ್ದೂ ಓಣಿಯ ಕೊನೆಯವರೆಗೆ ಹೋಗುತ್ತಿತ್ತು.

“ಹೊಡಿ,” ಎಂದರು ಫೌಜದಾರರು. “ಕೇಳ್ಲಿ.”

ಹುಲ್ಲಪ್ಪ ಹೊಡೆದ. ಶಿವಸಂಗಪ್ಪ ತನ್ನ ಮುಂಗೈ ಕಚ್ಚಿ ಹಿಡಿದು ಕೂಗು ತಡೆದ. ಹಲ್ಲು ಚರ್ಮ ದಾಟಿ ಇಳಿದಿದ್ದವು. ಕೊನೆಗೆ ಹೊರಗಿನಿಂದ ಕಾಳವ್ವನ ದನಿ ಬಂತು. ಆಕೆ ಅಳುತ್ತಿರಲಿಲ್ಲ. ಪ್ರತಿ ಏಟಿಗೂ “ಶಿವನಽ” ಎನ್ನುತ್ತಿದ್ದಳು, ಅಷ್ಟೇ. ಶಿವಸಂಗಪ್ಪ ಮುಂಗೈ ಬಿಟ್ಟು, “ಸಾಕ್ರಿ, ನಾನಽ ಕೊಂದೀನಿ. ನಮ್ಮವ್ವನ್ನ ಮನಿಗಿ ಕಳಸ್ರಿ,” ಎಂದ.

ಎರಡು ದಿನ ಬಿಟ್ಟು ಮ್ಯಾಜಿಸ್ಟ್ರೇಟರ ಮುಂದೆಯೂ ಅದನ್ನೇ ಹೇಳಿದ. ಮತ್ತೆ ಮೂರು ಗಂಟೆ ಆಗುವುದು ಅವನಿಗೆ ಬೇಕಿರಲಿಲ್ಲ. ಈ ಕಬೂಲಿ ಜವಾಬು ನಿಂತರೆ ಗಲ್ಲು. ಅದು ಚೌಕಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಕೇಸಿನ ಕಾಗದಪತ್ರಕ್ಕೆ ಪುಸ್ತಕದ ಉಳಿದ ಪುಟಗಳಲ್ಲಿ ಏನೇನಿದೆ ಎಂಬ ಯಾದಿ ಬೇಕಾಯಿತು. ಹುಲ್ಲಪ್ಪ ಪುಸ್ತಕವನ್ನು ಮನೆಗೆ ತಂದ. ಚಹಾ ಕುಡಿದು, ಕಾಗದದ ಮೇಲೆ ಮೂರು ಮನೆ ಗೆರೆ ಹಾಕಿ, ಪುಟ, ಸಾಲು, ಕೃತ್ಯ ಎಂದು ಬರೆದು ಒಂದನೆಯ ಪುಟದಿಂದ ಶುರು ಮಾಡಿದ. ಹೆಂಡತಿ ಸುಂದರವ್ವ ಒಲೆಯ ಮುಂದಿನಿಂದಲೇ ಕೇಳಿದಳು: “ಈಗ ಪುಸ್ತಕಕ್ಕೂ ಬೇಡಿ ಹಾಕ್ತೀರೇನ?”

“ಸುಮ್ನಿರು. ಸರಕಾರಿ ಕೆಲಸ.”

ಕೆಲಸ ಸರಾಗ ಸಾಗಲಿಲ್ಲ. ಹದಿನೇಳನೆಯ ಪುಟದಲ್ಲಿ ಈ ‘ನಾನು’ ಒಬ್ಬನನ್ನು ಕೊಂದಿದ್ದ, ಸರಿ. ಇಪ್ಪತ್ತೆರಡರಲ್ಲಿ ಇಡೀ ಊರಿಗೆ ಬೆಂಕಿ ಹಚ್ಚಿದ್ದ. ಆದರೆ ಊರು ಸುಟ್ಟಿರಲಿಲ್ಲ. ಇಪ್ಪತ್ತೊಂಬತ್ತರಲ್ಲಿ ಅವನನ್ನೇ ಯಾರೋ ಕಲ್ಲು ಕಟ್ಟಿ ಬಾವಿಗೆ ಹಾಕಿ ಕೊಂದಿದ್ದರು. ಮೂವತ್ತಾರರಲ್ಲಿ ಅವನು ಹೆಂಗಸಾಗಿ, ಸೂಲಗಿತ್ತಿ ಬರುವ ಮೊದಲೇ ಒಂದು ಕೂಸು ಹೆತ್ತು, ಅದರ ಬಾಯಿಗೆ ಬಟ್ಟೆ ತುರುಕಿದ್ದ. ಹುಲ್ಲಪ್ಪ ಯಾದಿಯನ್ನು ಮೇಲಿನಿಂದ ಕೆಳಗೆ ಓದಿದ. ಇಪ್ಪತ್ತೊಂಬತ್ತರಲ್ಲಿ ಸತ್ತವನು ಮೂವತ್ತಾರರಲ್ಲಿ ಹೇಗೆ ಹೆತ್ತ? ಒಂದು ಖರೆ ಎಂದರೆ ಎಲ್ಲವೂ ಖರೆ ಆಗಬೇಕು. ಸಹಿ ಎಲ್ಲಕ್ಕೂ ಒಂದೇ. ಒಂದು ಸುಳ್ಳಾದರೆ ಹದಿನೇಳನೆಯ ಪುಟಕ್ಕೆ ಏನು ಆಧಾರ?

ನಲವತ್ತೆಂಟನೆಯ ಪುಟದ ಕವಿತೆಯ ಹೆಸರು ‘ಹವಾಲ್ದಾರ’.

ಮನೆಗೆ ಬಂದು ಕೈ ತೊಳೆದೆ.
ಯಾರನ್ನು ಹೊಡೆದೆ ಎಂದು ನೀರು ಕೇಳಲಿಲ್ಲ.
ಗೂಟದ ಮೇಲಿನ ಟೋಪಿಗೆಂದು ಕೈ ಎತ್ತಿದೆ;
ಮಗಳು ತಲೆ ತಗ್ಗಿಸಿ
ಎರಡೂ ಕಿವಿ ಮುಚ್ಚಿಕೊಂಡಳು.

ಹುಲ್ಲಪ್ಪ ಪೆನ್ಸಿಲ್ಲು ಕೆಳಗಿಟ್ಟ. ಅವನಿಗೆ ಒಂಬತ್ತು ವರ್ಷದ ಮಗಳಿದ್ದಳು. ಬಾಗಿಲ ಬಳಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಅವಳನ್ನು ಅವನು ಒಮ್ಮೆಯೂ ಹೊಡೆದಿರಲಿಲ್ಲ. ಎದ್ದು ಅವಳ ಹತ್ತಿರ ಹೋಗಿ, ಗೂಟದ ಮೇಲಿನ ಟೋಪಿಗೆ ಕೈ ಎತ್ತಿದ. ಅವಳು ತಲೆ ತಗ್ಗಿಸಿದಳು. ಕಿವಿ ಮುಚ್ಚಿಕೊಳ್ಳಲಿಲ್ಲ, ಕೈಯಲ್ಲಿ ಶೇಂಗಾ ಇದ್ದವು.

“ಯಾಕ?” ಎಂದ ಹುಲ್ಲಪ್ಪ.

“ಏನಿಲ್ಲಪ್ಪಾ,” ಎಂದಳು, ತಲೆ ಎತ್ತದೆ.

ಏಪ್ರಿಲ್ ಐದರಂದು ಶಿವಸಂಗಪ್ಪನನ್ನು ಸಬ್‌ಜೇಲಿನಿಂದ ಬಾಗಲಕೋಟೆಯ ಕೋರ್ಟಿಗೆ ಕರೆದೊಯ್ಯುವ ಕೆಲಸ ಹುಲ್ಲಪ್ಪನಿಗೇ ಬಂತು. ಒಂದು ಬೇಡಿಯ ಎರಡು ಬಳೆ. ಒಂದು ಇವನ ಎಡಗೈಗೆ, ಒಂದು ಅವನ ಬಲಗೈಗೆ. ಶಿವಸಂಗಪ್ಪ ಹಿಮ್ಮಡಿಯ ಮೇಲೆ ನಡೆಯುತ್ತಿದ್ದ. ಬಸ್ಸಿನ ಮೆಟ್ಟಿಲು ಹತ್ತಲಾಗದಾಗ ಹುಲ್ಲಪ್ಪ ಅದೇ ಕಂಕುಳಿಗೆ ಕೈ ಹಾಕಿ ಎತ್ತಿದ. ಅಮೀನಗಡ ದಾಟಿತು. ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಬೇಡಿ ಇಬ್ಬರನ್ನೂ ಎಳೆಯುತ್ತಿತ್ತು.

“ನಿನ್ನ ಪುಸ್ತಕ ಪೂರಾ ಓದಿದೆ,” ಎಂದ ಹುಲ್ಲಪ್ಪ.

“ಮುನ್ನೂರು ಪ್ರತಿ ಅಚ್ಚಾಗ್ಯಾವ್ರಿ. ಪೂರಾ ಓದಿದಾಂವ ನೀವೊಬ್ರಽ ಇರಬೇಕು.”

“ಮೂವತ್ತಾರನೇ ಪುಟದಾಗ ಹಡದೀಯಲ್ಲ. ಅದ್ಹೆಂಗ?”

ಶಿವಸಂಗಪ್ಪ ಕಿಟಕಿಯ ಹೊರಗೆ ನೋಡಿ ನಕ್ಕ. ಬೆಂಚಿಗೆ ಕಟ್ಟಿಸಿಕೊಂಡ ದಿನದಿಂದ ಅದೇ ಮೊದಲ ನಗು. “ಅದು ನಮ್ಮ ಅತ್ತೀದ್ರಿ. ಆಕಿ ಯಾರ ಮುಂದೂ ಹೇಳ್ಲಿಲ್ಲ. ಹೇಳದಾರ ಬಾಯಾಗ ನಾ ಕುಂತು ಹೇಳತೀನಿ. ಹೊಸ ಪದ್ಯ ಅಂದ್ರ ಅಷ್ಟಽರಿ.”

“ಹವಾಲ್ದಾರ ಅಂತ ಒಂದೈತಿ.”

“ನಮ್ಮ ಸ್ವಾದರಮಾವ ಪೊಲೀಸ ಇದ್ದನ್ರಿ. ಆತನ ಮಗಳು ಹಂಗ ಮಾಡತಿತ್ತು.” ಹುಲ್ಲಪ್ಪನ ಕಡೆ ತಿರುಗಿ ಕೇಳಿದ: “ನೀವು ಎಣಸ್ತಿದ್ರಲ್ಲ? ಹೊರಳಿ ನೋಡಿದಾಗ ತುಟಿ ಅಳಗ್ಯಾಡತಿದ್ವು.”

ಹುಲ್ಲಪ್ಪ ಬೇಡಿಯ ಬಳೆಯನ್ನು ಮಣಿಕಟ್ಟಿನ ಮೇಲೆ ಸರಿಸಿಕೊಂಡ.

“ನಾನೂ ಎಣಸೀನ್ರಿ. ನೇಕಾರ ನಾವು, ಎಳಿ ಎಣಸೂ ಚಟ. ಮೂರೂ ದಿನದ್ದು ಕೂಡಿಸಿ ನೂರಾ ಹನ್ನೆರಡು. ವಕೀಲರಿಗೆ ಹೇಳೀನಿ. ಅವರು, ಇಷ್ಟು ಖಚಿತ ಹೇಳಿದ್ರ ಕೋರ್ಟಿನ್ಯಾಗ ಯಾರೂ ನಂಬೂದುಲ್ಲ ಅಂದ್ರು.”

ಶಿವಸಂಗಪ್ಪನ ವಕೀಲ ಪಂಢರೀನಾಥರು ಹೇಳಿದ್ದು ನಿಜವಾಯಿತು. ಕಬೂಲಿ ಹೊಡೆದು ಪಡೆದದ್ದು ಎಂದು ತೋರಿಸಲು ಅವರು ಓಣಿಯ ಮೂವರಿಂದ ಮೊದಲೇ ಹೇಳಿಕೆ ತಂದಿದ್ದರು. ಒಬ್ಬ ಐವತ್ತು ಏಟು ಎಂದ, ಒಬ್ಬ ಇನ್ನೂರು ಎಂದ, ಮೂರನೆಯವನು “ಸಾವಿರಕ್ಕ ಕಮ್ಮಿ ಇಲ್ರಿ” ಎಂದ. ಇವುಗಳ ನಡುವೆ ನೂರಾ ಹನ್ನೆರಡು ಎಂಬುದನ್ನೂ ಕೇಳಿ ಸರಕಾರಿ ವಕೀಲರು ಕೈಚೆಲ್ಲಿ ನಕ್ಕರು. ಡಾಕ್ಟರು ನೋಡುವ ಹೊತ್ತಿಗೆ ಅಂಗಾಲು ಮುಕ್ಕಾಲು ಮಾಯ್ದಿದ್ದವು. ಸುಡುವ ನೆಲದ ಮೇಲೆ ನಡೆದರೂ ಹೀಗಾಗಬಹುದು ಎಂದು ಅವರು ಬರೆದುಕೊಟ್ಟರು. ಇನ್ನು ಉಳಿದದ್ದು ಹುಲ್ಲಪ್ಪನ ಸಾಕ್ಷಿ ಒಂದೇ. ಅವನು ಪುಸ್ತಕದಲ್ಲಿ ಗೆರೆ ಎಳೆದು ಯಾದಿ ಮಾಡಿದವನು. ಸರಕಾರದ ಪರ ನಿಲ್ಲಬೇಕಾದವನು.

ಏಪ್ರಿಲ್ ಇಪ್ಪತ್ತಾರರ ಬೆಳಿಗ್ಗೆ ಕೋರ್ಟಿನ ಬೇವಿನಮರದ ಕೆಳಗೆ ಫೌಜದಾರರು ಅವನನ್ನು ಕರೆದರು. “ಯಾರೂ ಮೈ ಮುಟ್ಟಿಲ್ಲ ಅನ್ನು. ಮೂರು ಶಬ್ದ. ಬಾಯಿ ಹೆಚ್ಚು ತಗದ್ಯೋ, ಮೊದಲ ಹೋಗೂದು ನಿನ್ನ ತೋಳಿನ ಪಟ್ಟಿ. ಹೊಡದ ಕೈ ನಂದಲ್ಲ ನೋಡು.”

“ಹೌದ್ರಿ,” ಎಂದ ಹುಲ್ಲಪ್ಪ. “ಕೈ ನಂದಽರಿ.”

ಮುಂದೆ ಆದದ್ದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮ್ಯಾಜಿಸ್ಟ್ರೇಟರು ಕಬೂಲಿಯನ್ನು ತಳ್ಳಿಹಾಕಿದರು, ಶಿವಸಂಗಪ್ಪನನ್ನು ಬಿಟ್ಟರು. ಎರಡು ವರ್ಷದ ಮೇಲೆ ದರೋಡೆಯ ಕೇಸಿನಲ್ಲಿ ಸಿಕ್ಕ ಇಬ್ಬರ ಬಳಿ ಕೃಷ್ಣಾಜಿಯ ಗಡಿಯಾರ ಸಿಕ್ಕಿತು. ಕೊಡಲಿಯನ್ನೂ ಅವರೇ ತೋರಿಸಿದರು. ಫೌಜದಾರರಿಗೆ ವರ್ಗವಾಯಿತು. ಹುಲ್ಲಪ್ಪನ ಪಟ್ಟಿ ಹೋಯಿತು, ನೌಕರಿ ಹೋಯಿತು, ನಾಲ್ಕು ತಿಂಗಳ ಸಜೆಯಾಯಿತು. ಸಜೆ ಮುಗಿಸಿ ಕೆರೂರಿಗೆ ಬಂದು, ಪೇಟೆಯಲ್ಲಿ ಗಾಡಿಯಿಂದ ಇಳಿಯುವ ಜೋಳದ ಚೀಲ ಎಣಿಸುವ ಕೆಲಸ ಹಿಡಿದ. ಮುಂದೆ ಯಾರ ಮೇಲೂ ಕೈ ಎತ್ತಲಿಲ್ಲ ಎಂದು ಬರೆದರೆ ಚೆನ್ನಾಗಿ ಕೇಳಿಸೀತು, ಆದರೆ ಅದು ಪೂರ್ತಿ ಖರೆಯಲ್ಲ. ಒಮ್ಮೆ ಹಮಾಲನೊಬ್ಬನ ಕಪಾಳಕ್ಕೆ ಹೊಡೆದು, ಸಂಜೆಯವರೆಗೆ ಅಂಗಡಿಯ ಹಿಂದೆ ಕುಳಿತಿದ್ದ. ಮನೆಯಲ್ಲಿ ಮಾತ್ರ ಟೋಪಿಯ ಗೂಟವನ್ನು ಕಿತ್ತು ಸೊಂಟದ ಎತ್ತರಕ್ಕೆ ಬಡಿದ. ಟೋಪಿ ಇಲ್ಲದ ಮೇಲೆ ಗೂಟ ಯಾಕೆ ಎಂದು ಸುಂದರವ್ವ ನಗುತ್ತಿದ್ದಳು.

ಶಿವಸಂಗಪ್ಪ ಅವನನ್ನು ಕ್ಷಮಿಸಲಿಲ್ಲ. ಅವನ ಬಲ ಅಂಗಾಲು ತುಳಿಮಣೆಯನ್ನು ಮತ್ತೆ ಒತ್ತಲಿಲ್ಲ. ಮಗ್ಗ ಮಾರಿ ನೂಲಿನ ಅಂಗಡಿಯಲ್ಲಿ ಕುಳಿತ. ಎಂದಾದರೂ ಸಂತೆಯಲ್ಲಿ ಸಿಕ್ಕರೂ ಹುಲ್ಲಪ್ಪನನ್ನು ಮಾತಾಡಿಸುತ್ತಿರಲಿಲ್ಲ. ೧೯೫೮ರಲ್ಲಿ ಎರಡನೆಯ ಸಂಗ್ರಹ ಬಂದಾಗ ಕೆರೂರಿಗೆ ಟಪಾಲಿನಲ್ಲಿ ಒಂದು ಪ್ರತಿ ಬಂತು. ಒಳಗೆ ಸಹಿ ಇರಲಿಲ್ಲ, ಚೀಟಿ ಇರಲಿಲ್ಲ. ಹುಲ್ಲಪ್ಪ ಅದನ್ನು ಒಂದನೆಯ ಪುಟದಿಂದ ಕೊನೆಯ ಪುಟದವರೆಗೆ ಓದಿದ; ಪೆನ್ಸಿಲ್ಲು ಹಿಡಿಯಲಿಲ್ಲ.

ಆ ಏಪ್ರಿಲ್ ಇಪ್ಪತ್ತಾರರಂದು ಕಟಕಟೆಯಲ್ಲಿ ನಿಂತಾಗ ಹನ್ನೆರಡು ಹೊಡೆಯಲು ಹತ್ತು ನಿಮಿಷ ಇತ್ತು. ಹಿಂದಿನ ಬೆಂಚಿನಲ್ಲಿ ಕಾಳವ್ವ ಕುಳಿತಿದ್ದಳು. ಹುಬ್ಬಿನ ಗಾಯ ಬಿಳಿ ಗೆರೆಯಾಗಿತ್ತು. ಪಂಢರೀನಾಥ ವಕೀಲರು ಎದ್ದು ನಿಂತರು.

“ಹವಾಲ್ದಾರರ, ಆರೋಪಿಗೆ ಚೌಕಿಯೊಳಗ ಹೊಡದ್ರು ಅಂತಾರ. ನಿಮಗೇನರೆ ಗೊತ್ತೈತೇನ್ರಿ?”

“ಗೊತ್ತೈತ್ರಿ. ನಾನಽ ಹೊಡದೀನಿ.”

ಸರಕಾರಿ ವಕೀಲರು ಎದ್ದರು. ಮ್ಯಾಜಿಸ್ಟ್ರೇಟರು ಅವರಿಗೆ ಕೂಡ್ರಲು ಸನ್ನೆ ಮಾಡಿದರು. ಪಂಢರೀನಾಥರು ಕೈಯಲ್ಲಿನ ಕಾಗದ ನೋಡಿ ಕೇಳಿದರು:

“ಆರೋಪಿ ನೂರಾ ಹನ್ನೆರಡು ಏಟು ಅಂತ ಹೇಳ್ಯಾನ. ಅದು ಬರೋಬ್ಬರಿ ಐತೇನ್ರಿ?”

“ಇಲ್ರಿ. ತಪ್ಪೈತಿ.”

ಫೌಜದಾರರ ಮುಖದ ಮೇಲೆ ಗೆಲುವು ಬಂತು. ಪಂಢರೀನಾಥರು ಕಾಗದ ಕೆಳಗಿಳಿಸಿದರು.

“ಎರಡನೇ ದಿನ ಒಂದು ಏಟಿಗೆ ಅಂವಗ ಎಚ್ಚರ ತಪ್ಪಿತ್ರಿ,” ಎಂದ ಹುಲ್ಲಪ್ಪ. “ಅದರ ಮುಂದಿಂದು ಅಂವಗ ಗೊತ್ತಿಲ್ಲ. ನನಗ ಎಚ್ಚರ ಇತ್ರಿ.”

“ಹಂಗಾದ್ರ ಒಟ್ಟು ಎಷ್ಟು?” ಎಂದು ಕೇಳಿದವರು ಮ್ಯಾಜಿಸ್ಟ್ರೇಟರು, ಬರೆದುಕೊಳ್ಳಲು ಟಾಕು ಮಸಿಯಲ್ಲಿ ಅದ್ದಿದ್ದರು.

ಹುಲ್ಲಪ್ಪ ಅವರ ಕಡೆ ನೋಡಲಿಲ್ಲ. ಹಿಂದಿನ ಬೆಂಚಿನ ಕಡೆ ತಿರುಗಿ, ಕಾಳವ್ವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ:

“ನೂರಾ ಹದಿಮೂರು.”